ಕೋಲಿಗೆ ಬಿಸಿ ತಾಗದಂತೆ

ಆ ಮನೆಯಲ್ಲಿ ಹಾಲು ಉಕ್ಕಿದರೆ ಮೊದಲು ವಿಚಾರಣೆ, ಆಮೇಲೆ ಒಲೆ ಒರೆಸುವುದು. ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರು ತಿರುಗಿಸಿ ಮುರುಗಿಸಿ ನೋಡದೆ ಒಪ್ಪುತ್ತಿರಲಿಲ್ಲ. ಹಾಗೆಂದು ಪ್ರೀತಿಗೇನೂ ಬರವಿರಲಿಲ್ಲ. ಪ್ರೀತಿ ಬೇರೆ, ನಂಬಿಕೆ ಬೇರೆ ಎಂದು ಅಜ್ಜಿ ಆಗಾಗ ಹೇಳುತ್ತಿದ್ದಳು. ಈ ವಿದ್ಯೆಯಲ್ಲಿ ಮನೆಗೆಲ್ಲ ಅವಳೇ ಗುರು.

ಅವಳ ಮಗ ಡ್ರೈವಿಂಗ್ ಶಾಲೆಯ ಮಾಸ್ತರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟೇ ಅರ್ಧ ಆಯಸ್ಸು ಕಳೆದವನು. ಮನೆಯಲ್ಲಿ ಯಾರಾದರೂ ಜೋರಾಗಿ ಮೆಟ್ಟಿಲಿಳಿದರೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಸೊಸೆಗೆ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಹಾಸಿಗೆ ಬಟ್ಟೆಯನ್ನು ಮೂಗಿನ ಹತ್ತಿರ ತಂದರೆ ಸಾಕು, ಅದರ ಮೇಲೆ ಮಲಗಿದ್ದವರು ಏನು ತಿಂದಿದ್ದರು ಎಂದು ಹೇಳಿಬಿಡುವಳು. ಇನ್ನು ಉಳಿದವಳು ಮೊಮ್ಮಗಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಹಗಲೆಲ್ಲ ನಿಂತು ಕೆಲಸ ಮಾಡುವ, ಎಷ್ಟು ತಿಂದರೂ ಮೈಗೆ ಹತ್ತದ ಹುಡುಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು.

ಕಡ್ಡಿಗೆ ಪೂಲ್ ಆಟದ ಹುಚ್ಚು. ಅಂಗಡಿ ಮುಗಿಸಿ ಮನೆಗೆ ಬಂದು, ಏನಾದರೂ ಬಾಯಿಗೆ ಹಾಕಿಕೊಂಡು, ಬಸ್ಸು ಹಿಡಿದು ಕ್ಲಬ್ಬಿಗೆ ಹೋಗುವಳು. ಭಾನುವಾರ ಮಧ್ಯಾಹ್ನವೇ ಹೊರಡುವಳು. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಕೋಲಿನಿಂದ ತಳ್ಳಿ ತೂತಿಗೆ ಬೀಳಿಸುವುದರಲ್ಲಿ ಏನು ಸುಖವೋ ಅಜ್ಜಿಗೆ ತಿಳಿಯದು. ಆದರೆ ಆ ಬೇಸಿಗೆಯ ಮೊದಲಲ್ಲಿ ಕಡ್ಡಿ ಕ್ಲಬ್ಬಿನ ಗಂಡಸರನ್ನೆಲ್ಲ ಸೋಲಿಸಿ ಆಟದ ಹೊಸ ಕೋಲೊಂದನ್ನು, ಅಂದರೆ ಕ್ಯೂ ಒಂದನ್ನು, ಗೆದ್ದು ತಂದಾಗ ಬೀದಿಯ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದವಳು ಅಜ್ಜಿಯೇ. ಎರಡು ತುಂಡಾಗಿ ಬಿಚ್ಚಿ ಉದ್ದನೆಯ ಚೀಲದಲ್ಲಿಡುವ ನುಣುಪಾದ ಕೋಲು. ಅದರ ಜೊತೆಗೇ ಇನ್ನೊಂದು ಸುದ್ದಿಯೂ ಬಂದಿತ್ತು. ಮುಂದಿನ ತಿಂಗಳು ಬೇರೆ ಊರಿನಲ್ಲಿ ಕ್ಲಬ್ಬುಗಳ ನಡುವೆ ಪಂದ್ಯವಿದೆ, ನಮ್ಮ ಕ್ಲಬ್ಬಿನಿಂದ ನಾಲ್ವರು ಹೋಗುತ್ತಾರೆ, ಅವರಲ್ಲಿ ಕಡ್ಡಿಯೂ ಒಬ್ಬಳು.

"ನೋಡೋಣ" ಎಂದ ಮಾಸ್ತರು. ಅವನ ಬಾಯಲ್ಲಿ ನೋಡೋಣ ಎಂದರೆ ಮುಕ್ಕಾಲು ಪಾಲು ಹೂಂ.

ಆ ಸಂಜೆ ಊಟಕ್ಕೆ ಕೂತಾಗ ಕಡ್ಡಿ ಎಲ್ಲರಿಗೂ ಒಂದು ಭಾಷಣ ಮಾಡಿದಳು.

"ಕ್ಲಬ್ಬಿನ ಯಜಮಾನ್ರು ಕಟ್ಟುನಿಟ್ಟಾಗಿ ಹೇಳಿದಾರೆ. ಇದನ್ನ ಕಾರಲ್ಲಿ ಬಿಡ್ಲೇಬಾರದಂತೆ. ಬಿಸಿಲಲ್ಲಿ ನಿಂತ ಕಾರು ಅಂದ್ರೆ ಒಲೆ. ಡಿಕ್ಕಿಯಲ್ಲಿ ಇಟ್ರೂ ಅಷ್ಟೇ. ಬಿಸಿಗೆ ಒಳಗಿನ ಅಂಟು ಸಡಿಲ ಆಗುತ್ತೆ, ಮರ ಬಾಗುತ್ತೆ. ಹೋದಲ್ಲೆಲ್ಲ ಜೊತೆಗೇ ಒಯ್ಯಬೇಕು. ಮನೇಲೂ ನನ್ನ ಕೋಲನ್ನ ಯಾರೂ ಮುಟ್ಟಬಾರದು. ಅದೂ ಅಲ್ದೆ..."

"ಏನು ಒಲೆ? ನನ್ನ ಕಾರು ಒಲೆಯಾ?" ಮಾಸ್ತರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಬೆಳಗಿಂದ ಸಂಜೆ ತನಕ ಅದರಲ್ಲೇ ಕೂತಿರ್ತೀನಿ. ನಾನೇನು ಬಾಗಿದೀನಾ?"

"ನಿಮ್ಮನ್ನ ಬಗ್ಗಿಸೋಕೆ ಯಾವ ಬಿಸಿಗೂ ಆಗಲ್ಲ ಬಿಡಿ" ಎಂದಳು ಸೊಸೆ, ಪಲ್ಯ ಬಡಿಸುತ್ತ.

"ಬೇಕಾದ್ರೆ ಪಂದ್ಯ ಅಪ್ಪ. ನಾಳೆ ಒಂದು ಮೇಣದ ಬತ್ತಿ ಹಿಂದಿನ ಸೀಟಲ್ಲಿಟ್ಟು, ಊಟಕ್ಕೆ ಅಂತ ಕಾರು ನಿಲ್ಲಿಸ್ತೀರಲ್ಲ, ಆಗ ಗಾಜು ಹಾಕಿ ಬಿಡಿ."

ಮರುದಿನ ಸಂಜೆ ಮಾಸ್ತರು ಸದ್ದಿಲ್ಲದೆ ಬಂದು ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟ. ಬಿಚ್ಚಿ ನೋಡಿದರೆ ಮೇಣದ ಬತ್ತಿ ಸೀಟಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗಿ ಮಲಗಿತ್ತು. ಸೊಸೆ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು. "ನಾಳೆಯಿಂದ ಅಡುಗೆ ನಿಮ್ಮ ಕಾರಲ್ಲೇ ಮಾಡೋಣ, ಗ್ಯಾಸ್ ಉಳಿಯುತ್ತೆ" ಎಂದಳು. ಮಾಸ್ತರು ಅಂದು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಆದರೆ ಕಾರು ಕೋಲನ್ನು ಬಗ್ಗಿಸುತ್ತದೆ ಎನ್ನುವುದು ಆ ಮನೆಯಲ್ಲಿ ಅಂದಿನಿಂದ ಇತ್ಯರ್ಥವಾದ ವಿಷಯವಾಯಿತು. ಎಲ್ಲರೂ ಒಪ್ಪಿಕೊಂಡ ಸಂಗತಿ ಅಲ್ಲಿ ಬಹುಶಃ ಅದೊಂದೇ.

ಬತ್ತಿಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ತಿರುಗಿಸಿ ನೋಡಿದವಳು ಅಜ್ಜಿ. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಮುಚ್ಚಿದ ಕಾರು ಒಲೆಯಾದರೆ, ಮಹಡಿ ಮೇಲೆ ತಗಡಿನ ಸೂರಿನಡಿ ಇರುವ ಕಡ್ಡಿಯ ಕೋಣೆ ಏನು? ಹುಡುಗಿ ಕಿಟಕಿ ಬಾಗಿಲು ಎಲ್ಲ ಹಾಕಿ ಕೆಲಸಕ್ಕೆ ಹೋಗುತ್ತಾಳೆ. ಕೋಲು ಹಗಲೆಲ್ಲ ಆ ಕೋಣೆಯಲ್ಲೇ ಬಿದ್ದಿರುತ್ತದೆ. ಅಲ್ಲಿಯೂ ಮೇಣದ ಬತ್ತಿ ಇಟ್ಟರೆ ಬಾಗದೇ ಇರುತ್ತದೆಯೇ?

ಮಾರನೆಯ ಮಧ್ಯಾಹ್ನ ಮನೆ ಖಾಲಿಯಾದ ಮೇಲೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಚೀಲದ ಮೇಲೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಮೈಯಂತೆ ಬೆಚ್ಚಗಿತ್ತು. ಜ್ವರಕ್ಕೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಹತ್ತಿ ಸೀರೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಕೋಲಿನ ಎರಡೂ ತುಂಡುಗಳಿಗೆ ತುದಿಯಿಂದ ಬುಡದ ತನಕ ಸುತ್ತಿ, ಗೋಡೆಗೆ ಒರಗಿಸಿದಳು. ಕುಡಿಯುವ ನೀರಿನ ಮಡಕೆ, ಬೆಣ್ಣೆಯ ಪಾತ್ರೆ, ಸೊಪ್ಪಿನ ಕಟ್ಟು, ಮಕ್ಕಳ ಹಣೆ, ಬಿಸಿಯಾಗಬಾರದ ಎಲ್ಲವನ್ನೂ ಅವಳು ಇಡೀ ಜೀವಮಾನ ಹೀಗೇ ಕಾಪಾಡಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಹತ್ತಿ, ಬಟ್ಟೆ ಬಿಚ್ಚಿ, ಒಣಗಿದ ಬಟ್ಟೆಯಿಂದ ಒರೆಸಿ, ಚೀಲಕ್ಕೆ ಹಾಕಿ, ಇದ್ದ ಹಾಗೇ ಇಟ್ಟಳು.

ಅಂದಿನಿಂದ ಇದು ಅವಳ ದಿನದ ಕೆಲಸವಾಯಿತು. ಯಾರಿಗೂ ಹೇಳಲಿಲ್ಲ. ಮುಟ್ಟಬಾರದು ಎಂದಿದ್ದಾಳಲ್ಲ ಮಹಾರಾಯಿತಿ. ಬೈಸಿಕೊಳ್ಳದೆ ಸೇವೆ ಮಾಡುವುದರಲ್ಲಿ ಒಂದು ಗುಟ್ಟಿನ ಸುಖವೂ ಇತ್ತು. ಸಂಜೆ ಕಡ್ಡಿ ಚೀಲ ಹೆಗಲಿಗೇರಿಸಿ ಹೊರಟಾಗ ಅಜ್ಜಿ ಮನಸ್ಸಿನಲ್ಲೇ, "ಹೋಗು, ತಣ್ಣಗಿದೆ ನಿನ್ನ ಕೋಲು" ಎಂದುಕೊಳ್ಳುತ್ತಿದ್ದಳು.

ಎರಡು ವಾರವಾಗಿರಬೇಕು. ಊಟದ ಹೊತ್ತಿಗೆ ಕಡ್ಡಿ ಮೇಜಿನ ಮೇಲೆ ಕೋಲನ್ನು ಉರುಳಿಸುತ್ತ ನಿಂತಿದ್ದಳು.

"ತಟ್ಟೆ ಇಡೋಕೆ ಜಾಗ ಬಿಡೇ" ಎಂದಳು ತಾಯಿ.

ಕಡ್ಡಿ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಉರುಳಿಸಿದಳು. ನೆಟ್ಟಗಿನ ಕೋಲು ಮೇಜಿಗೆ ಅಂಟಿಕೊಂಡು ಉರುಳಬೇಕು. ಇದರ ತುದಿ ಪ್ರತಿ ಸುತ್ತಿಗೂ ಮೇಲೆದ್ದು ಕೆಳಗೆ ಬಡಿಯುತ್ತಿತ್ತು.

"ಬಾಗಿದೆ" ಎಂದಳು ಕಡ್ಡಿ. 

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಇದು ಕೋಲಾದ ಮೇಲೆ ಬಗ್ಗಿತಲ್ಲ" ಎಂದ ಮಾಸ್ತರು ನಗಿಸಲು. ಯಾರೂ ನಗಲಿಲ್ಲ.

"ಅಪ್ಪ, ನಿಜ ಹೇಳಿ. ಇದನ್ನ ಕಾರಲ್ಲಿ ಎಲ್ಲಾದ್ರೂ ಒಯ್ದಿದ್ರಾ?"

"ನಾನ್ಯಾಕೆ ಒಯ್ಯಲಿ? ಆ ಮೇಣದ ಬತ್ತಿ ಆದ್ಮೇಲೆ ನಿನ್ನ ಕೋಲಿನ ಗಾಳಿಯೂ ನನ್ನ ಕಾರಿಗೆ ಸೋಕಿಲ್ಲ."

"ಯಾರಿಗೋ ತೋರಿಸೋಕೆ ಅಂತ..."

"ಇಲ್ಲ ಅಂದ್ನಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋ ಜಾತಿ ನಾನಲ್ಲ" ಎಂದು ಮಾಸ್ತರು ಹೇಳಿದ, ಹೇಳುತ್ತಲೇ ಯಾಕೋ ಹೆಗಲು ತುರಿಸಿಕೊಂಡ.

ಮರುದಿನ ಕಡ್ಡಿ ಕೋಲನ್ನು ಕ್ಲಬ್ಬಿಗೆ ಒಯ್ದು ತೋರಿಸಿದಳು. ಯಜಮಾನ ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡಿ, "ಕಾರಲ್ಲಿ ಬಿಟ್ಟಿದೀಯ" ಎಂದನಂತೆ. ಇಲ್ಲ ಎಂದರೂ ಒಪ್ಪಲಿಲ್ಲವಂತೆ. ಪಂದ್ಯದ ತನಕ ಕ್ಲಬ್ಬಿನ ಕೋಲಿನಲ್ಲೇ ಆಡು, ಕೈ ಕೆಡದಂತೆ ನೋಡಿಕೋ ಎಂದನಂತೆ. ಬಾಗಿದ್ದನ್ನೂ ಚೀಲ ಸಮೇತ ಮನೆಗೆ ತಂದು, ಹುಡುಗಿ ಇದೆಲ್ಲವನ್ನೂ ಮನೆಯಲ್ಲಿ ಇದ್ದದ್ದು ಇದ್ದ ಹಾಗೇ ಹೇಳಿದಳು. ಅದೇ ಅವಳಿಗೆ ಮುಳುವಾಯಿತು.

"ಕಾರಲ್ಲೇ ಬಾಗಿದ್ದು ಅಂತ ಗೊತ್ತಿದ್ದವರೇ ಹೇಳ್ತಿದಾರೆ" ಎಂದ ಮಾಸ್ತರು, ನಿಧಾನವಾಗಿ. "ನನ್ನ ಕಾರಲ್ಲ. ಹಾಗಾದ್ರೆ ಯಾರ ಕಾರು?"

"ಯಾರ ಕಾರೂ ಅಲ್ಲ ಅಪ್ಪ."

"ನೀನು ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬರ್ತೀಯ ಅಲ್ವಾ?"

"ಹೂಂ" ಎಂದಳು ಕಡ್ಡಿ. ಆದರೆ ಆ ಹೂಂಗೆ ಮುಂಚೆ ಒಂದು ಚೂರು ತಡವಾಯಿತು. ತಡವಾದದ್ದು ಮೂವರಿಗೂ ಕೇಳಿಸಿತು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಸೊಸೆ ಮಗಳ ಬಟ್ಟೆಗಳನ್ನು ಒಗೆಯಲು ಹಾಕುವ ಮುಂಚೆ ಒಂದೊಂದನ್ನೇ ಮೂಸತೊಡಗಿದಳು. ಸೋಮವಾರ ಬೆಳಿಗ್ಗೆ ಹಿತ್ತಲಿನಲ್ಲಿ ಒಂದು ಅಂಗಿ ಹಿಡಿದುಕೊಂಡು ಅತ್ತೆಯ ಹತ್ತಿರ ಬಂದಳು.

"ಅತ್ತೆ, ಇದನ್ನ ಸ್ವಲ್ಪ ನೋಡಿ. ಭಾನುವಾರ ಹಾಕ್ಕೊಂಡು ಹೋಗಿದ್ದು."

ಅಜ್ಜಿ ಮೂಸಿದಳು. "ನಿಂಬೆಹಣ್ಣಿನ ವಾಸನೆ."

"ನಿಂಬೆಹಣ್ಣಲ್ಲ ಅತ್ತೆ. ಕಾರೊಳಗೆ ಕನ್ನಡಿಗೆ ನೇತು ಹಾಕ್ತಾರಲ್ಲ, ಆ ಸೆಂಟು. ಇವರ ಕಾರಲ್ಲಿ ಅಂಥದ್ದೇನೂ ಇಲ್ಲ, ಬರೀ ಬೆವರಿನ ವಾಸನೆ. ಇವರಿಗೆ ಹೇಳ್ಬೇಡಿ, ಹಾರಾಡ್ತಾರೆ."

ಅಜ್ಜಿ ಹೇಳುವುದಿಲ್ಲ ಎಂದಳು. ಸಂಜೆಯೊಳಗೆ ಹೇಳಿದಳು. ಸೊಸೆಗಾದರೆ ಬರೀ ಸಂಶಯ, ತನಗೆ ಖಾತ್ರಿಯಿದೆ ಎಂಬುದು ಅವಳ ನೋವು. ಮನೆಯಲ್ಲಿ ಆ ಕೋಲಿಗೆ ಬಿಸಿ ತಾಗಿಲ್ಲ ಎಂದು ಲೋಕದಲ್ಲಿ ಯಾರಿಗಾದರೂ ನಿಶ್ಚಯವಾಗಿ ಗೊತ್ತಿದ್ದರೆ ಅದು ಅವಳಿಗೆ. ಪ್ರತಿ ಮಧ್ಯಾಹ್ನ ಮೊಣಕಾಲು ಸವೆಸಿ ಅದನ್ನು ತಣ್ಣಗಿಟ್ಟವಳು ಅವಳು. ಮನೆಯಲ್ಲಿ ತಾಗಲಿಲ್ಲವೆಂದರೆ ಹೊರಗೆ ತಾಗಿದೆ. ಅಂದರೆ ತನ್ನ ತೊಡೆಯ ಮೇಲೆ ಬೆಳೆದ ಹುಡುಗಿ ತಟ್ಟೆಯ ಮುಂದೆ ಕೂತು ಸುಳ್ಳು ಹೇಳುತ್ತಿದ್ದಾಳೆ.

"ಹೊರಗೇ ಆಗಿದ್ದು ಕಣೋ ಇದು" ಎಂದಳು ಮಗನಿಗೆ. "ಹೇಗೆ ಗೊತ್ತು ಅಂತ ಕೇಳ್ಬೇಡ. ನನಗೆ ಗೊತ್ತು."

"ನೀನು ಹೇಳಿದ ಮೇಲೆ ಮುಗೀತು ಬಿಡಮ್ಮ" ಎಂದ ಮಗ. ತಾಯಿಯ ಮಾತನ್ನು ಮಾತ್ರ ಅವನು ತಿರುಗಿಸಿ ನೋಡುತ್ತಿರಲಿಲ್ಲ.

ಮುಂದಿನ ಭಾನುವಾರ ಅಜ್ಜಿ ಕಣ್ಣಿನ ಡಾಕ್ಟರ ನೆಪ ಹೇಳಿ ಹೊರಟಳು. ಕ್ಲಬ್ಬಿನ ಎದುರಿನ ಬಸ್ ನಿಲ್ದಾಣದಲ್ಲಿ, ಕೊಡೆಯ ಮರೆಯಲ್ಲಿ ಕೂತಳು. ಬಂದ ಬಸ್ಸುಗಳೆಲ್ಲ ಅವಳಿಗಾಗಿ ನಿಂತು, ಅವಳು ಏಳದ್ದನ್ನು ನೋಡಿ ಗೊಣಗಿಕೊಂಡು ಹೋದವು. ಒಬ್ಬ ಕಂಡಕ್ಟರು, "ಅಜ್ಜಿ, ಮದುವೆ ದಿಬ್ಬಣಕ್ಕೆ ಕಾಯ್ತಿದೀಯಾ?" ಎಂದು ಕೇಳಿಯೇ ಬಿಟ್ಟ. ಸುಮಾರು ಹೊತ್ತಿನ ಮೇಲೆ ಕಡ್ಡಿ ಕ್ಲಬ್ಬಿನ ಮೆಟ್ಟಿಲಿಳಿದು ಬಂದಳು. ಆ ಕಡೆ ಈ ಕಡೆ ನೋಡಿದಳು. ಹೆಗಲು ಖಾಲಿಯಿತ್ತು. ಮೂಲೆಯಲ್ಲಿ ನಿಂತಿದ್ದ ಬಿಳಿಯ ಚಿಕ್ಕ ಕಾರಿನ ಹತ್ತಿರ ಓಡಿದವಳೇ ಬಾಗಿಲು ತೆಗೆದು ಒಳಗೆ ಕೂತಳು. ಕಾರು ಎರಡು ಸಲ ಮುಗ್ಗರಿಸಿ ಹೊರಟುಹೋಯಿತು. ನಡುವೆ ಲಾರಿಯೊಂದು ಅಡ್ಡ ನಿಂತಿದ್ದರಿಂದ ಒಳಗೆ ಇನ್ನಾರಿದ್ದರೋ ಅಜ್ಜಿಗೆ ಕಾಣಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು ಹತ್ತಿತ್ತು. ಮಗ ನೀರು ಕೊಟ್ಟ, ಅವಳು ಹೇಳಿದಳು. ಎಲ್ಲವನ್ನೂ ಕೇಳಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ.

"ಕೋಲು ಜೊತೆಗಿತ್ತಾ?"

ಅಜ್ಜಿ ಒಂದು ಗುಟುಕು ನೀರು ಕುಡಿದಳು. ಖಾಲಿ ಹೆಗಲು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಇಂದು ಇಲ್ಲದಿದ್ದರೇನಂತೆ, ಬಾಗಿದ ಕೋಲನ್ನು ಈಗ ಒಯ್ದು ಮಾಡುವುದೇನಿದೆ, ಹಿಂದಿನ ಭಾನುವಾರಗಳಲ್ಲಿ ಇದ್ದೇ ಇರಬೇಕು. ಕಾರಿಲ್ಲದೆ ಬಾಗುವುದು ಹೇಗೆ? ಇಷ್ಟೆಲ್ಲ ಯೋಚನೆ ಆ ಒಂದು ಗುಟುಕಿನೊಳಗೆ ಮುಗಿಯಿತು.

"ಇತ್ತು" ಎಂದಳು.

ಕಡ್ಡಿ ಬಂದಾಗ ಅಪ್ಪ ಬಾಗಿಲಲ್ಲೇ ಕೂತಿದ್ದ.

"ಯಾವುದದು ಬಿಳಿ ಕಾರು?"

ಹುಡುಗಿಯ ಬಣ್ಣ ಇಳಿಯಿತು. "ಯಾರು ನೋಡಿದ್ದು?"

"ಯಾರಾದ್ರೂ ನೋಡಿರ್ಲಿ. ಯಾವನದು ಕೇಳ್ತಿದೀನಿ."

"ಯಾವನದೂ ಅಲ್ಲ."

"ಹುಡುಗ ಅಲ್ವಾ?"

"ಅಲ್ಲ ಅಪ್ಪ."

"ಹಾಗಾದ್ರೆ ಹೇಳು, ಯಾರು?"

"ಇನ್ನೊಂದು ವಾರ ತಡೀರಿ. ನಾನೇ ಹೇಳ್ತೀನಿ."

"ಕಡ್ಡಿ ಮುರಿದ ಹಾಗೆ ಈಗ್ಲೇ ಹೇಳು. ಒಂದು ವಾರದಲ್ಲಿ ಯಾವ ಕಥೆ ಕಟ್ಟಬೇಕು ಅಂತಿದೀಯ?"

"ಹೇಳ್ಬಿಡೇ" ಎಂದಳು ತಾಯಿ, ಕೈಯಲ್ಲಿ ಸೌಟು ಹಿಡಿದೇ. "ಯಾರಾದ್ರೂ ಆಗ್ಲಿ. ಒಳ್ಳೆಯವರಾದ್ರೆ ಮನೆಗೆ ಬರ್ಲಿ."

ಕಡ್ಡಿ ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. "ಕೋಲನ್ನ ಆ ಕಾರಲ್ಲೇ ಇಟ್ಟಿದ್ದೆ ತಾನೇ?" ಎಂದು ಮಾಸ್ತರು ಕೇಳಿದಾಗ ಮಾತ್ರ ತಲೆಯೆತ್ತಿ, "ಒಂದು ದಿನವೂ ಇಟ್ಟಿಲ್ಲ. ನಂಬೋದಾದ್ರೆ ನಂಬಿ" ಎಂದಳು. ಅಜ್ಜಿ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

ಮಾಸ್ತರು ಫೋನ್ ತೆಗೆದು ಕ್ಲಬ್ಬಿನ ಯಜಮಾನನಿಗೆ ಮಾಡಿದ. ನಮ್ಮ ಹುಡುಗಿ ಪಂದ್ಯಕ್ಕೆ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದ. ಆ ಕಡೆಯಿಂದ ಏನೋ ಕೇಳಿದರು. "ಮನೆ ವಿಷಯ" ಎಂದು ಕಟ್ ಮಾಡಿದ. ಕಡ್ಡಿ ನಿಂತಲ್ಲೇ ಅದನ್ನು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ. ಊಟ ಬೇಡವೆಂದು ಮೇಲೆ ಹೋದಳು. ತಟ್ಟೆಗಳು ಮೂರೇ ತೊಳೆಯಲು ಬಿದ್ದವು.

ಆ ವಾರ ಮನೆಯಲ್ಲಿ ಮಾತೆಂದರೆ ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ. ಶುಕ್ರವಾರ ಮಧ್ಯಾಹ್ನ ಮಾಸ್ತರು ಹೊತ್ತಿಗೆ ಮುಂಚೆ ಮನೆಗೆ ಬಂದ. ಚಪ್ಪಲಿ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಸೊಸೆಗೂ ಅಂದು ರಜೆ. ಅತ್ತೆ ಸೊಸೆ ಇಬ್ಬರೂ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಪಾಸಾದ್ಲು" ಎಂದ.

"ಯಾರು?"

"ನಿಮ್ಮ ಕಡ್ಡಿ. ಲೈಸೆನ್ಸ್ ಟೆಸ್ಟು. ಇವತ್ತು ನನ್ನ ಇಬ್ಬರು ಶಿಷ್ಯರನ್ನ ಕರ್ಕೊಂಡು ಮೈದಾನಕ್ಕೆ ಹೋಗಿದ್ದೆ. ಬಿಳಿ ಕಾರು ಬಂತು. ಆಚೆ ಬೀದಿ ಡ್ರೈವಿಂಗ್ ಟೀಚರ್ ಇದಾಳಲ್ಲ, ಆ ಹೆಂಗಸಿನ ಕಾರು. ಸ್ಟೀರಿಂಗ್ ಹಿಂದೆ ಇವಳು. ಊರಿನ ಮಾಸ್ತರುಗಳೆಲ್ಲ ಅಲ್ಲೇ ನಿಂತಿದ್ರು. ರಿವರ್ಸು, ಎಂಟು ಆಕಾರ, ಇಳಿಜಾರು, ಎಲ್ಲ ಒಂದೇ ಸಲಕ್ಕೆ. ನನ್ನ ಇಬ್ಬರೂ ಫೇಲು."

ಸೊಪ್ಪಿನ ಮೊರ ಸೊಸೆಯ ತೊಡೆಯಿಂದ ಜಾರಿತು. "ಭಾನುವಾರ ಹೋಗ್ತಿದ್ದಿದ್ದು ಇದಕ್ಕಾ?"

"ಇದಕ್ಕೇ. ಹುಡುಗ ಆಗಿದ್ರೂ ಸಹಿಸ್ಕೋತಿದ್ದೆ ಕಣೇ. ನಾನು ಊರಿಗೆಲ್ಲ ಕಲಿಸಿದವನು. ನನ್ನ ಮಗಳಿಗೆ ನಾನು ಸಾಲದೆ ಹೋದ್ನಾ?"

"ಹಿತ್ತಲ ಗಿಡ ಮದ್ದಲ್ಲ" ಎಂದಳು ಸೊಸೆ. ನಗಬೇಕೋ ಬೇಡವೋ ತಿಳಿಯದೆ ಸೊಪ್ಪು ಹೆಕ್ಕತೊಡಗಿದಳು.

ಸಂಜೆ ಕಡ್ಡಿ ಬಂದಾಗ ಯಾರೂ ಏನೂ ಕೇಳಲಿಲ್ಲ. ಅವಳೇ ಊಟದ ಮೇಜಿಗೆ ಬಂದು ಕೂತಳು.

"ಅಪ್ಪ, ನಿಮ್ಮ ಹತ್ರ ಕಲಿಯೋಕೆ ಹೋದ ವರ್ಷ ಕೂತಿದ್ದೆ, ನೆನಪಿದೆಯಾ? ನಾಲ್ಕು ದಿನ. ನಾಲ್ಕು ದಿನವೂ ಬ್ರೇಕು ನಿಮ್ಮ ಕಾಲಲ್ಲೇ ಇತ್ತು. ಗೇರ್ ಹಾಕೋಕೆ ಮುಂಚೆ ಕಾರು ನಿಂತ್ಹೋಗ್ತಿತ್ತು. ನನಗೆ ಬರಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. ಪಾಸಾಗಿ ಬಂದು ನಿಮ್ಮನ್ನ ಕೂರಿಸ್ಕೊಂಡು ಒಂದು ಸುತ್ತು ಹಾಕೋಣ ಅಂತಿದ್ದೆ. ಅದಕ್ಕೇ ಒಂದು ವಾರ ತಡೀರಿ ಅಂದಿದ್ದು."

ಮಾಸ್ತರು ಅನ್ನ ಕಲಸುತ್ತಲೇ ಇದ್ದ, ತುತ್ತು ಮಾಡಲಿಲ್ಲ. "ಮತ್ತೆ ಕೋಲು? ಅದನ್ನ ಆ ಕಾರಲ್ಲಿ ಬಿಟ್ಟಿದ್ದಕ್ಕೇ ತಾನೇ..."

"ಕಾರು ಕಲಿಯೋಕೆ ಹೋದಾಗೆಲ್ಲ ಕೋಲು ಕ್ಲಬ್ಬಲ್ಲೇ ಇರ್ತಿತ್ತು. ಅಲ್ಲಿ ಬೀಗದ ಕಪಾಟಿದೆ. ಆ ಟೀಚರನ್ನ ಕೇಳಿ, ಯಜಮಾನ್ರನ್ನ ಕೇಳಿ. ಒಂದು ದಿನವೂ ಅದು ಆ ಕಾರು ಹತ್ತಿಲ್ಲ."

"ಅಜ್ಜಿ ಕಣ್ಣಾರೆ ನೋಡಿದಾಳಲ್ಲೇ."

ಕಡ್ಡಿ ಅಜ್ಜಿಯ ಕಡೆ ತಿರುಗಿದಳು. ಯಾರು ನೋಡಿದ್ದೆಂದು ಅವಳಿಗೆ ಈಗ ಗೊತ್ತಾಯಿತು. "ನೀನು ನೋಡಿದ್ಯಾ ಅಜ್ಜಿ? ಹೋದ ಭಾನುವಾರ ನಾನು ಬರಿಗೈಯಲ್ಲಿ ಹೋಗಿದ್ದೆ. ಚೀಲ ಮನೇಲೇ ಇತ್ತು, ಮೇಲೆ ನನ್ನ ಕೋಣೇಲಿ. ನನ್ನ ಹೆಗಲಲ್ಲಿ ಕಂಡ್ತಾ ನಿನಗೆ?"

ಅಜ್ಜಿ ಸೆರಗು ಸರಿಪಡಿಸಿಕೊಂಡಳು. "ಕೊಡೆ ಅಡ್ಡ ಇತ್ತು" ಎಂದಳು.

ಸೊಸೆ ಎದ್ದಳು. ಮಾತು ಬೆಳೆಯುವುದು ಬೇಡವೆಂದೋ, ತನಗೇ ಒಂದು ಅನುಮಾನ ಬಂದೋ, ಮೇಲಿಂದ ಆ ಚೀಲವನ್ನು ತಂದಳು. ಝಿಪ್ ಎಳೆದು ಒಳಗೆ ಮೂಗು ಹಾಕಿದಳು. ಎರಡು ಸಲ ಮೂಸಿದಳು.

"ನಿಂಬೆ ವಾಸನೆ ಇಲ್ಲ. ಕಾರಿನ ವಾಸನೆಯೇ ಇಲ್ಲ. ಇದು ಮುಗ್ಗಲು. ಒದ್ದೆ ಬಟ್ಟೇನ ಮಡಚಿಟ್ರೆ ಬರುತ್ತಲ್ಲ, ಆ ವಾಸನೆ. ದಿನಾ ನಮ್ಮ ಲಾಂಡ್ರಿಯಲ್ಲಿ ನೋಡ್ತೀನಿ. ನೀರೆಲ್ಲಿಂದ ಬಂತೇ ಇದಕ್ಕೆ? ಮಳೆ ಬಂದು ತಿಂಗಳಾಯ್ತು."

ಆಗ ಅಜ್ಜಿಗೆ ತಿಳಿಯಿತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಚ್ಚಲಮನೆಯ ಬಾಗಿಲು ಎಷ್ಟು ವರ್ಷದಿಂದ ನೀರು ಕುಡಿದು ಉಬ್ಬಿ, ಚೌಕಟ್ಟಿಗೆ ಸಿಕ್ಕಿಕೊಂಡು, ಅವಳ ಭುಜದ ಏಟು ತಿನ್ನುತ್ತಿರಲಿಲ್ಲ? ಮರಕ್ಕೆ ನೀರು ಏನು ಮಾಡುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೇಣದ ಬತ್ತಿಯೊಂದನ್ನು ಕಂಡು ಆ ತಿಳುವಳಿಕೆಯನ್ನೆಲ್ಲ ಮರೆತಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು ಎಂಬ ಯೋಚನೆಯೂ ಬಂತು. ಅದು ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಾನು" ಎಂದಳು. "ದಿನಾ ಮಧ್ಯಾಹ್ನ. ಒದ್ದೆ ಬಟ್ಟೆ ಸುತ್ತಿಡ್ತಿದ್ದೆ. ಬಿಸಿ ತಾಗಬಾರದು ಅಂದಿದ್ದೆಯಲ್ಲ."

ಕಡ್ಡಿ ಚೀಲವನ್ನು ತನ್ನ ಕಡೆ ಎಳೆದುಕೊಂಡಳು.

"ನೀರೂ ತಾಗಬಾರದು ಅಂತ ಅವತ್ತೇ ಹೇಳೋಕೆ ಹೊರಟಿದ್ದೆ ಅಜ್ಜಿ. ಅಷ್ಟರಲ್ಲಿ ಅಪ್ಪ ಕಾರಿನ ಮಾತಿಗೆ ಜಗಳ ತೆಗೆದ್ರು." ಕಡ್ಡಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಎಷ್ಟು ದಿನ ಹತ್ತಿದೆ ಆ ಮೆಟ್ಟಿಲು? ಆ ಕಾಲಲ್ಲಿ?"

"ದಿನಾ."

"ಬಾಗಿದ್ದಕ್ಕೆ ಏನೂ ಅನ್ನಲ್ಲ ಬಿಡು. ಮುಂದಿನ ತುಂಡು ಬೇರೆ ಹಾಕಿಸ್ಬಹುದು. ಪ್ರೀತಿಯಿಂದ ಮಾಡಿದ್ದು." ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಆದ್ರೆ ಇತ್ತು ಅಂದ್ಯಲ್ಲ ಅಜ್ಜಿ. ಇಲ್ಲದ್ದನ್ನ ಇತ್ತು ಅಂದ್ಯಲ್ಲ. ಅದ್ಯಾಕೆ?"

 ಅಜ್ಜಿ ಮಗನನ್ನು ನೋಡಿದಳು. ಅವನು ತಾಯಿಯನ್ನು ನೋಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಬಸ್ಸು ಹತ್ತಿ ಕ್ಲಬ್ಬಿಗೆ ಹೋದಳು. ಈ ಸಲ ನಿಲ್ದಾಣದಲ್ಲಿ ಕೂರಲಿಲ್ಲ. ಮೆಟ್ಟಿಲು ಹತ್ತಿ, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುತ್ತಿದ್ದ ಯಜಮಾನನ ಎದುರು ನಿಂತು, ಸುತ್ತ ಇದ್ದ ಗಂಡಸರೆಲ್ಲ ಕೇಳುವಂತೆ ಹೇಳಿದಳು.

"ಕೋಲು ಬಗ್ಗಿಸಿದವಳು ನಾನು. ಕಾರಲ್ಲ, ನೀರು. ನೀವೂ ತಪ್ಪು ಹೇಳಿದ್ರಿ, ನಾವೂ ತಪ್ಪು ತಿಳ್ಕೊಂಡ್ವಿ. ಅವಳದು ಏನೂ ಇಲ್ಲ. ಅವಳನ್ನ ಪಂದ್ಯಕ್ಕೆ ಕರ್ಕೊಂಡು ಹೋಗಿ."

ಯಜಮಾನ ಅವಳನ್ನು ಕುರ್ಚಿ ಕೊಟ್ಟು ಕೂರಿಸಿದ. ಒಳ್ಳೆಯ ಮನುಷ್ಯ. ನಕ್ಕವರನ್ನು ಗದರಿಸಿ ಸುಮ್ಮನಾಗಿಸಿದ. "ಹೆಸರು ಕಳಿಸಿ ಆಗಿದೆ ತಾಯಿ. ಅವಳ ಜಾಗಕ್ಕೆ ಹಾಕಿದ ಹುಡುಗ ನಾಳೆ ನಮ್ಮ ಜೊತೆ ಹೊರಡ್ತಾನೆ. ಈಗ ಅವನನ್ನ ಹೇಗೆ ಇಳಿಸ್ಲಿ? ಮುಂದಿನ ವರ್ಷ ನೋಡೋಣ" ಎಂದ. ಅಜ್ಜಿ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಅದನ್ನೇ ಹೇಳಿದ.

ಭಾನುವಾರ ಬಂತು. ಮಧ್ಯಾಹ್ನದ ಊಟ ಮುಗಿದಿತ್ತು. ಮಾಸ್ತರು ಕಾರಿನ ಬೀಗದ ಕೈಯನ್ನು ಮಗಳಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟು, ತಾನು ನಿದ್ದೆ ಬಂದವನಂತೆ ಒಳಗೆ ಮಲಗಿದ್ದ. ಕಡ್ಡಿ ಅದನ್ನು ಮುಟ್ಟಲಿಲ್ಲ. ಬಾಗಿಲ ಹತ್ತಿರ ಅಜ್ಜಿ ಬೇಳೆ ಆರಿಸುತ್ತ ಕೂತಿದ್ದಳು. ಹಿಂದಿನ ಭಾನುವಾರಗಳಲ್ಲಾದರೆ ಹುಡುಗಿ, "ಬಂದೆ ಅಜ್ಜಿ" ಎಂದು ತಲೆಗೊಂದು ಮೊಟಕಿ ಹಾರಿಹೋಗುತ್ತಿದ್ದಳು. ಇಂದು ಎದುರು ಬಂದು ನೆಟ್ಟಗೆ ನಿಂತಳು.

"ಕ್ಲಬ್ಬಿಗೆ ಹೋಗ್ತಿದೀನಿ. ಬಸ್ಸಲ್ಲಿ. ಹಳೇ ಕೋಲು ಮೇಲೆ ಕೋಣೇಲಿದೆ, ಬೇಕಾದ್ರೆ ನೋಡ್ಕೋ. ತಂಡದವರೆಲ್ಲ ಇವತ್ತು ಹೊರಟರು, ಅದಕ್ಕೆ ಅಲ್ಲಿ ಯಜಮಾನ್ರ ತಮ್ಮ ಮತ್ತೆ ಇಬ್ಬರು ಹುಡುಗೀರು ಇರ್ತಾರೆ. ಕಾರು ಹತ್ತಲ್ಲ. ಕತ್ತಲಾಗೋದ್ರೊಳಗೆ ಬರ್ತೀನಿ."

ಅಜ್ಜಿಯ ಕೈ ಮೊರದಲ್ಲೇ ನಿಂತಿತು. "ನಾನು ಏನೂ ಕೇಳ್ಲಿಲ್ಲವಲ್ಲೇ."

"ಕೇಳೋಕೆ ಮುಂಚೆ ಹೇಳಿಬಿಟ್ರೆ ಒಳ್ಳೇದಲ್ವಾ ಅಜ್ಜಿ" ಎಂದಳು ಕಡ್ಡಿ. ಅದರಲ್ಲಿ ಚುಚ್ಚುವ ದನಿಯಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ಯಾವ ಮಾತ್ರೆ ಯಾವಾಗ ನುಂಗಬೇಕೆಂದು ಗಿರಾಕಿಗೆ ಹೇಳುವ ದನಿಯದು.

ಗೇಟು ತೆರೆದು ಮುಚ್ಚಿದ ಸದ್ದಾಯಿತು. ಅಜ್ಜಿ ಆ ಮಾತುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಎಲ್ಲವೂ ನಿಜವಾಗಿತ್ತು, ಎಲ್ಲಿಯೂ ಹಿಡಿಯಲು ಎಳೆಯಿರಲಿಲ್ಲ. ಹುಡುಗಿ ತಡವರಿಸಿ ಒಂದು ಸಣ್ಣ ಸುಳ್ಳಾದರೂ ಹೇಳಿ ಹೋಗಬಾರದಿತ್ತೇ ಎಂದು ಅವಳಿಗೆ ಅನ್ನಿಸಿತು.